ಆರಿದ್ರಾ ಮಳೆಯಲ್ಲೂ ಕಟ್ ಆಗದ ವರ್ಕ್ ಫ್ರಂ ಹೋಮ್: ತೋಟದ ಮನೆಯ ಲೆಕ್ಕ

ಮೃಗಶಿರ ಮಳೆ ಹಿಡಿಯಿತು ಅಂದರೆ ತೀರ್ಥಹಳ್ಳಿ ಕಡೆಯ ತೋಟದ ಮನೆಯಿಂದ ಆಫೀಸ್ ಕೆಲಸ ಆಗುವ ಮಾತಲ್ಲ, ಬೆಂಗಳೂರಲ್ಲೊಂದು ರೂಮ್ ಮಾಡಲೇಬೇಕು ಅಂದವರೇ ಜಾಸ್ತಿ. ಎರಡು ಮಳೆಗಾಲ ದಾಟಿತು. ಮೂರು ದಿನ ಕರೆಂಟ್ ಇಲ್ಲದಾಗಲೂ ಕೆಲಸದ ಹೊತ್ತಿನಲ್ಲಿ ಲಿಂಕ್ ಬಿದ್ದದ್ದು ಎಲ್ಲ ಸೇರಿ ಅರ್ಧ ಗಂಟೆ ಇದ್ದೀತು. ಮಾಡಿದ್ದು ಎರಡೇ. ಇನ್ವರ್ಟರ್ ಬಿಟ್ಟು ಬ್ಯಾಟರಿಯಿಂದ ನೇರ ಡಿಸಿಗೆ ಬಂದದ್ದು, ಹತ್ತಿರದ ಟವರ್ ಬಿಟ್ಟು ದೂರದ್ದನ್ನು ಹಿಡಿದದ್ದು.

150 ಎಎಚ್ ಟ್ಯೂಬುಲರ್ ಬ್ಯಾಟರಿ ಇದೆಯಲ್ಲ, ರೂಟರ್ ಎಷ್ಟು ತಿಂದೀತು ಅನ್ನುವುದು ಎಲ್ಲರ ಲೆಕ್ಕ. ಓಎನ್‌ಟಿ (ಫೈಬರ್ ಬಂದು ಸೇರುವ ಡಬ್ಬ), ರೂಟರ್ ಎರಡೂ ಸೇರಿ 16-18 ವ್ಯಾಟ್. ಆದರೆ ಯಾವ ಲೋಡೂ ಇಲ್ಲದೆ ಸುಮ್ಮನೆ ಆನ್ ಇದ್ದ ಇನ್ವರ್ಟರೇ ಬ್ಯಾಟರಿಯಿಂದ ಒಂದೂಕಾಲು ಆಂಪಿಯರ್ ಎಳೆಯುತ್ತಿತ್ತು. ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದ ಅಂಕಿ ಇದು. ಅಂದರೆ 15 ವ್ಯಾಟ್ ಬರೀ ದಲ್ಲಾಳಿ ಖರ್ಚು. 12 ವೋಲ್ಟನ್ನು 230ಕ್ಕೆ ಏರಿಸಿ, ಅಡಾಪ್ಟರ್‌ನಲ್ಲಿ ಮತ್ತೆ 12ಕ್ಕೆ ಇಳಿಸುವುದು, ಗದ್ದೆಗೆ ನೀರು ಬಿಡೋಕೆ ಮೊದಲು ಗುಡ್ಡ ಹತ್ತಿಸಿದ ಹಾಗೆ.

ಮೊದಲು ತಂದದ್ದು 1,300 ರೂಪಾಯಿಯ ಮಿನಿ ಯುಪಿಎಸ್. ಡಬ್ಬದ ಮೇಲೆ 4 ಗಂಟೆ ಅಂತಿತ್ತು. ಒಳಗೆ ಮೂರು 18650 ಲಿಥಿಯಂ ಸೆಲ್, ಓಎನ್‌ಟಿ ಒಂದಕ್ಕೇ ಎರಡು ಗಂಟೆ ಬಂದರೆ ಪುಣ್ಯ. ಆಮೇಲೆ 7 ಎಎಚ್ ಎಸ್‌ಎಂಎಫ್, ಅಂದರೆ ನೀರು ಹಾಕಬೇಕಿಲ್ಲದ ಸೀಲ್ಡ್ ಬ್ಯಾಟರಿ. ಪೂರ್ತಿ ಖಾಲಿ ಮಾಡಿ ಮಾಡಿ ಒಂದೇ ಮಳೆಗಾಲಕ್ಕೆ ಸತ್ತಿತು. ನಿಂತದ್ದು 32700 ಲಿಥಿಯಂ ಫಾಸ್ಫೇಟ್ ಸೆಲ್ 8, 4ಎಸ್2ಪಿ (ಎರಡೆರಡರ ನಾಲ್ಕು ಜೋಡಿ ಸಾಲಾಗಿ), ಜೊತೆಗೆ ಸೆಲ್ ಕಾಯುವ ಬಿಎಂಎಸ್ ಬೋರ್ಡ್. ಸುಮಾರು 150 ವ್ಯಾಟ್-ಅವರ್, ಎಲ್ಲ ಸೇರಿ 2,600ರ ಆಸುಪಾಸು. ನಷ್ಟ ಕಳೆದು 7 ಗಂಟೆ ಸಲೀಸು.

ಇದನ್ನು ನೇರ ರೂಟರ್‌ಗೆ ಕೊಟ್ಟರೆ ಕೆಲಸ ಕೆಡುತ್ತದೆ. ಚಾರ್ಜ್ ಆಗುವಾಗ 14.6 ವೋಲ್ಟ್ ತನಕ ಹೋಗುತ್ತದೆ, ಖಾಲಿಯಾಗುವಾಗ 11ರ ಕೆಳಗೆ. ರೂಟರ್ ಬಿಸಿಯಾಗುವುದು ಮೇಲಿನ ತುದಿಯಲ್ಲಿ, ರೀಬೂಟ್ ಸರಣಿ ಕೆಳಗಿನ ತುದಿಯಲ್ಲಿ. ವೋಲ್ಟೇಜ್ ಬರೀ ಏರಿಸುವ ಬೂಸ್ಟ್ ಮಾಡ್ಯೂಲ್ ಹಾಕಿದ್ದು ಎರಡನೇ ತಪ್ಪು. ಒಳಗೆ ಬರುವ ವೋಲ್ಟೇಜ್ ಹೆಚ್ಚಿದ್ದರೆ ಅದು ಹಾಗೇ ಆಚೆ ಬಿಟ್ಟುಬಿಡುತ್ತದೆ. ಏರಿಸುವುದು, ಇಳಿಸುವುದು ಎರಡೂ ಮಾಡುವ ಬಕ್-ಬೂಸ್ಟ್ ಬೇಕು, 12.1ಕ್ಕೆ ಸೆಟ್ ಮಾಡಿ, ಕದಲದಿರಲಿ ಅಂತ ಪಾಟ್ (ಸೆಟ್ ಮಾಡುವ ತಿರುಪು) ಮೇಲೆ ಒಂದು ತೊಟ್ಟು ನೇಲ್‌ಪಾಲಿಶ್.

ಕರೆಂಟ್ ದಿನಗಟ್ಟಲೆ ಹೋದರೆ ಇನ್ವರ್ಟರ್ ಆಫ್. ಟ್ಯೂಬುಲರ್ ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್, ಅಲ್ಲಿಂದ 2.5 ಸ್ಕ್ವೇರ್ ಎಂಎಂ ವೈರ್. ಒಂದು ಕವಲು ಎರಡನೇ ಬಕ್-ಬೂಸ್ಟ್‌ಗೆ, ಇನ್ನೊಂದು ಕವಲು ಕಾರಿನ 65 ವ್ಯಾಟ್ ಟೈಪ್-ಸಿ ಚಾರ್ಜರ್‌ಗೆ, ಅದು ಲ್ಯಾಪ್‌ಟಾಪ್‌ಗೆ. ದಿನಕ್ಕೆ 10 ಗಂಟೆ, ಒಟ್ಟು 430 ವ್ಯಾಟ್-ಅವರ್. ಅರ್ಧ ಬ್ಯಾಟರಿಯಲ್ಲಿ ಎರಡು ದಿನ, ಮೂರನೆಯ ದಿನ ಸ್ವಲ್ಪ ಹೊಟ್ಟೆ ಕಟ್ಟಿ. ಇನ್ವರ್ಟರ್ ಆನ್ ಇಟ್ಟರೆ ಒಂದು ಫ್ಯಾನ್, ಒಂದು ಟಿವಿ ಯಾರಾದರೂ ಹಾಕಿಯೇ ಹಾಕುತ್ತಾರೆ. ಆಫ್ ಇರುವುದರ ನಿಜವಾದ ಲಾಭ ಅದು.

ಇನ್ನು ಟವರ್. ಒಂದೂವರೆ ಕಿಲೋಮೀಟರ್ ಆಚೆಯದ್ದು ಫುಲ್ ಕಡ್ಡಿ ತೋರಿಸುತ್ತದೆ, ಕರೆಂಟ್ ಹೋಗಿ 4-5 ಗಂಟೆಗೆ ಮಲಗುತ್ತದೆ. ಫೈಬರ್ ಕಥೆಯೂ ಅದೇ, ಆ ತುದಿಯಲ್ಲಿ ಬ್ಯಾಟರಿ ಮುಗಿದರೆ ಈ ತುದಿಯಲ್ಲಿ ಏನಿದ್ದು ಏನು. ಹೈವೇ ಪಕ್ಕದ ಟವರ್ 7 ಕಿಲೋಮೀಟರ್, ಅದು ಮಲಗುವುದಿಲ್ಲ. ಅಂಗಳದಲ್ಲಿ ಫೋನ್‌ಗೆ ಆರ್‌ಎಸ್‌ಆರ್‌ಪಿ (ಸಿಗ್ನಲ್ ಬಲದ ಅಂಕಿ, ಸೊನ್ನೆಗೆ ಹತ್ತಿರವಾದಷ್ಟು ಒಳ್ಳೆಯದು) -117. ಎಲ್ಲರೂ ನಕ್ಕದ್ದು ಈ ಅಂಕಿಗೆ. 11 ಮೀಟರ್ ಜಿಐ ಪೈಪ್ ಮೇಲೆ ಎರಡು ಎಲ್‌ಪಿಡಿಎ (ಒಂದೇ ದಿಕ್ಕಿಗೆ ಮುಖ ಮಾಡುವ ಆಂಟೆನಾ), ಒಂದು ಬಲಕ್ಕೆ 45 ಡಿಗ್ರಿ ವಾಲಿಸಿ, ಇನ್ನೊಂದು ಎಡಕ್ಕೆ. (ಅಡಿಕೆ ಮರಕ್ಕೆ ಕಟ್ಟಬೇಡಿ. ಗಾಳಿಗೆ ಮರ ತೂಗಿದಂತೆ ಸಿಗ್ನಲ್ಲೂ ತೂಗುತ್ತದೆ.)

ಆಂಟೆನಾ ಮೇಲೆ, ರೂಟರ್ ಕೆಳಗೆ, ನಡುವೆ 15 ಮೀಟರ್ ಆರ್‌ಜಿ58 ಆಂಟೆನಾ ಕೇಬಲ್ ಹಾಕಿದ್ದು ಶುದ್ಧ ದಂಡ. 1800 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಆ ಕೇಬಲ್ ನುಂಗುವುದು ಸುಮಾರು 12 ಡಿಬಿ, ಆಂಟೆನಾ ಕೊಡುವುದು 10. ಹಾಗಾಗಿ 4ಜಿ ರೂಟರನ್ನೇ ಡಬ್ಬದಲ್ಲಿಟ್ಟು ಪೈಪ್ ಮೇಲೇರಿಸಿ, ಕೆಳಗೆ ಕ್ಯಾಟ್6 ನೆಟ್‌ವರ್ಕ್ ಕೇಬಲ್ ಇಳಿಸಿದ್ದು. ಕರೆಂಟೂ ಅದರಲ್ಲೇ: 4-5ನೇ ಎಳೆ ಪಾಸಿಟಿವ್, 7-8 ನೆಗೆಟಿವ್. ಮೊದಲು 12 ವೋಲ್ಟೇ ಕಳಿಸಿದರೆ, 30 ಮೀಟರ್ ಅಗ್ಗದ ತಾಮ್ರಲೇಪದ ಅಲ್ಯೂಮಿನಿಯಂ ಕೇಬಲ್ ದಾಟಿ ಮೇಲೆ ಸಿಕ್ಕಿದ್ದು 9. ಬ್ರೌಸಿಂಗ್‌ಗೆ ಏನೂ ಆಗದು. ವಿಡಿಯೋ ಕಾಲ್‌ನಲ್ಲಿ ಅಪ್‌ಲೋಡ್ ಜೋರಾದ ಕೂಡಲೇ ರೀಬೂಟ್. ಸರಿಯಾದ ತಾಮ್ರದ ಕೇಬಲ್, ಕೆಳಗೆ 24ಕ್ಕೆ ಏರಿಸಿ, ಮೇಲೆ 12ಕ್ಕೆ ಇಳಿಸಿದ ಮೇಲೆ ಆ ಕಾಟ ಇಲ್ಲ. ನಾಲ್ಕು ಎಳೆ ಕರೆಂಟ್‌ಗೆ ಹೋದದ್ದರಿಂದ ಲಿಂಕ್ 100 ಎಂಬಿಪಿಎಸ್‌ಗೆ ಸೀಮಿತ, ಬರುವುದೇ 15 ಇರುವಾಗ ಚಿಂತೆ ಏನು.

ಈಗ ಆರ್‌ಎಸ್‌ಆರ್‌ಪಿ -101, ಎಸ್‌ಐಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನುವ ಅಂಕಿ) 11. ಕಡ್ಡಿ ನೋಡಬೇಡಿ, ಎಸ್‌ಐಎನ್‌ಆರ್ ನೋಡಿ. ಎಲೆ ಒದ್ದೆಯಾದಾಗ 1800 ಕುಸಿಯುತ್ತದೆ, ಮಳೆಗಾಲಕ್ಕೆ 850ಕ್ಕೆ ಬ್ಯಾಂಡ್ ಲಾಕ್, ಅಂದರೆ ರೂಟರ್ ಬೇರೆ ಬ್ಯಾಂಡ್‌ಗೆ ಹಾರದಂತೆ ಕಟ್ಟಿಹಾಕುವುದು. ಜೊತೆಗೆ ಟವರಿನ ಒಂದು ಸೆಕ್ಟರ್‌ಗೂ (ಒಂದು ದಿಕ್ಕಿನ ಪಾಲು) ಲಾಕ್ ಮಾಡಿದ್ದೇನೆ. ಯಾವುದು, ಹೇಗೆ ಅಂತ ಬರೆಯುವುದಿಲ್ಲ. ಅದಿನ್ನೂ ಖಾಲಿ ಇದೆ, ಇರಲಿ.

ಸಿಡಿಲು ಕೇಬಲ್ ಹಿಡಿದು ಮನೆಗೆ ಇಳಿಯದಿರಲಿ ಅಂತ ಮೇಲಿನ ಡಬ್ಬಕ್ಕೆ ಪ್ರತ್ಯೇಕ 40 ವ್ಯಾಟ್ ಸೋಲಾರ್ ಹಾಕಿದ ಪ್ರಯೋಗವೂ ಆಯಿತು. ಆರಿದ್ರೆಯಲ್ಲಿ ದಿನಕ್ಕೆ 20-25 ವ್ಯಾಟ್-ಅವರ್, ಬೇಕಿದ್ದದ್ದು ಅದರ ಮೂರು ಪಟ್ಟು. ಪ್ಯಾನಲ್ ಈಗ ಗದ್ದೆ ಬೇಲಿಗೆ ಹೋಗಿದೆ. ಉಳಿದ ಉಪಾಯ ಒಂದೇ: ಕೇಬಲ್‌ನ ಜೋಡಣೆ ಜಗಲಿಯಲ್ಲಿ, ಏಪ್ರಿಲ್-ಮೇ ಗುಡುಗು ಕೇಳಿಸಿದರೆ ಕಿತ್ತಿಡುವುದು. ಒಮ್ಮೆ ಮರೆತದ್ದಕ್ಕೆ 3,200ರ ರೂಟರ್ ಹೋಯಿತು.

ನಿಂತ ಸಾಮಾನಿಗೆ ಸುಮಾರು 14,500, ಕಲಿಯೋಕೆ ಕಳೆದದ್ದು 8,000ದ ಹತ್ತಿರ. ಡಬ್ಬಕ್ಕೆ ಕೇಬಲ್ ಗ್ಲ್ಯಾಂಡ್ ತಳದಲ್ಲೇ ಇರಲಿ, ಪೈಪ್‌ಗೆ ಗ್ರೀಸ್ ಪಟ್ಟೆ ಬಳಿಯಿರಿ, ಇಲ್ಲದಿದ್ದರೆ ಇರುವೆ ಒಳಗೆ ಮಣ್ಣು ತುಂಬುತ್ತವೆ. ಮಂಗಗಳಿಗೆ ಮಾತ್ರ ಪೂರ್ತಿ ಮದ್ದು ಸಿಕ್ಕಿಲ್ಲ. ಆಂಟೆನಾಗೆ ಜೋತುಬಿದ್ದು ಹತ್ತು ಡಿಗ್ರಿ ತಿರುಗಿಸಿದರೆ 11 ಇದ್ದ ಎಸ್‌ಐಎನ್‌ಆರ್ 5ಕ್ಕೆ ಬರುತ್ತದೆ. ಸದ್ಯಕ್ಕೆ ಒಂದರ ಬದಲು ಎರಡು ಯು-ಕ್ಲ್ಯಾಂಪ್, ಪೈಪ್ ಮೇಲೆ ಸರಿಯಾದ ದಿಕ್ಕಿಗೊಂದು ಪೇಂಟ್ ಗೆರೆ.