ಡೂಲಾ ಕೆಲಸ ಬಿಡದೆ ಮಿಡ್‌ವೈಫ್ ಆಗುವುದು ಹೇಗೆ? ಇಂಗ್ಲೆಂಡಿಗೆ ಹೊರಟಿರುವ ನಮ್ಮ ಹೆಣ್ಣುಮಕ್ಕಳಿಗೆ

ತಂಗಿಯ ಬಾಣಂತನಕ್ಕೆಂದು ಹಾಸನಕ್ಕೆ ಬಂದು ಮೂರು ವಾರವಾಯಿತು. ಬೆಳಗ್ಗೆ ಹಂಡೆಯ ನೀರು ಕಾಯುವಷ್ಟರಲ್ಲಿ ಮಗು ನೋಡಲು ಯಾರಾದರೂ ಬಂದಿರುತ್ತಾರೆ. ಮಗುವಿನ ಕೈಗೆ ದುಡ್ಡಿಟ್ಟು, ಕಾಫಿ ಕುಡಿದು, ಹೊರಡುವ ಹೊತ್ತಿಗೆ ನನ್ನನ್ನು ಪಕ್ಕಕ್ಕೆ ಕರೆಯುತ್ತಾರೆ. "ನೀನು ಅಲ್ಲಿ ಹೆರಿಗೆ ಮಾಡಿಸುವುದನ್ನು ಕಲಿಯುತ್ತಿದ್ದೀಯಂತೆ. ನಮ್ಮ ಸೊಸೆಯೂ ಹೊರಟಿದ್ದಾಳೆ, ಸ್ವಲ್ಪ ದಾರಿ ಹೇಳಮ್ಮ."

ಹೀಗೆ ಕೇಳಿದವರು ಈವರೆಗೆ ಮೂವರು. ಗಂಡನ ಕೆಲಸದ ವೀಸಾ ಮೇಲೆ ಅವಲಂಬಿತೆಯಾಗಿ ಹೊರಟಿರುವ ಅರಸೀಕೆರೆಯ ಸೊಸೆ ಒಬ್ಬಳು. ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಕೆಲಸದಲ್ಲಿರುವ ಹೊಳೆನರಸೀಪುರದವಳು ಇನ್ನೊಬ್ಬಳು. ಈಗಷ್ಟೇ ದ್ವಿತೀಯ ಪಿಯುಸಿ ಮುಗಿಸಿದ ಆಲೂರಿನ ಹುಡುಗಿ ಮೂರನೆಯವಳು. ಪ್ರಶ್ನೆ ಒಂದೇ, ಉತ್ತರ ಮಾತ್ರ ಮೂರು. ಅಲ್ಲಿ ಕೋರ್ಸ್ ಯಾವುದು ಎಂದು ಯೋಚಿಸುವ ಮೊದಲು ನಿಮ್ಮ ಕೈಯಲ್ಲಿರುವ ವೀಸಾ ಯಾವುದು ಎಂದು ನೋಡಬೇಕು. ಒಂಬತ್ತು ವರ್ಷದ ಹಿಂದೆ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಎರಡು ಕೆಲಸಗಳ ವ್ಯತ್ಯಾಸ ತಿಳಿದಿರಲಿ: ಹೆರಿಗೆ ಮಾಡಿಸುವವಳು ಮಿಡ್‌ವೈಫ್, ಹೆರಿಗೆಯ ಹೊತ್ತಿನಲ್ಲಿ ಜೊತೆಗಿರುವವಳು ಡೂಲಾ. ನಮ್ಮ ಹಳ್ಳಿಗಳಲ್ಲಿ ಸೂಲಗಿತ್ತಿ ಎರಡನ್ನೂ ಒಬ್ಬಳೇ ಮಾಡುತ್ತಿದ್ದಳು. ಸೊಂಟ ನೀವಿ ಧೈರ್ಯ ಹೇಳುತ್ತಿದ್ದವಳೂ ಅವಳೇ, ಮಗುವನ್ನು ಕೈಗೆ ತೆಗೆದುಕೊಂಡು ಹೊಕ್ಕುಳಬಳ್ಳಿ ಕತ್ತರಿಸುತ್ತಿದ್ದವಳೂ ಅವಳೇ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟಿದ್ದೆವು. ಇಂಗ್ಲೆಂಡಿನಲ್ಲಿ ಈ ಒಂದು ಕೆಲಸವನ್ನು ಕಾನೂನು ಎರಡಾಗಿ ಸೀಳಿದೆ. 1902ರ ಮಿಡ್‌ವೈಫ್ ಕಾಯ್ದೆಯಿಂದ ಅದು ಶುರುವಾಯಿತು. ಈಗ ಜಾರಿಯಲ್ಲಿರುವುದು 2001ರ ನರ್ಸಿಂಗ್ ಮತ್ತು ಮಿಡ್‌ವೈಫರಿ ಆದೇಶ. ಅದರ ಪ್ರಕಾರ ಹೆರಿಗೆ ಮಾಡಿಸಬಹುದಾದವರು ನೋಂದಾಯಿತ ಮಿಡ್‌ವೈಫ್, ವೈದ್ಯರು, ಮತ್ತು ಆ ತರಬೇತಿಯಲ್ಲಿರುವವರು ಮಾತ್ರ. ದಿಢೀರ್ ತುರ್ತು ಬಂದಾಗ ವಿನಾಯಿತಿ ಇದೆ. ಉಳಿದಂತೆ ಬೇರೆ ಯಾರು ಮಾಡಿಸಿದರೂ ಅದು ಅಪರಾಧ. ಮಿಡ್‌ವೈಫ್‌ಗಳ ನೋಂದಣಿ ನೋಡಿಕೊಳ್ಳುವ ಸಂಸ್ಥೆ ಎನ್‌ಎಂಸಿ, ಅಂದರೆ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್.

ಡೂಲಾಗೆ ಇಂತಹ ಯಾವ ನೋಂದಣಿಯೂ ಇಲ್ಲ. ಅವಳದು ಜೊತೆಗಿರುವ ಕೆಲಸ. ಬೇನೆ ಶುರುವಾದಾಗಿನಿಂದ ಮಗು ಎದೆಗೆ ಬರುವವರೆಗೆ ಎದ್ದುಹೋಗದೆ ಪಕ್ಕದಲ್ಲಿ ಕೂರುವುದು, ನೀರು ಕುಡಿಸುವುದು, ಬೆನ್ನು ಒತ್ತುವುದು, ಹೆದರಿದ ಗಂಡನಿಗೂ ಒಂದು ಕೆಲಸ ಕೊಡುವುದು. ಇದನ್ನು ಚಿಕ್ಕ ಕೆಲಸವೆಂದು ತಿಳಿಯಬೇಡಿ. 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ 26 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2017ರ ಕಾಕ್ರೇನ್ ವಿಮರ್ಶೆ, ಹೆರಿಗೆಯುದ್ದಕ್ಕೂ ಯಾರಾದರೂ ಜೊತೆಗಿದ್ದರೆ ಸಿಸೇರಿಯನ್ ಕಡಿಮೆಯಾಗಬಹುದು, ಬೇನೆಯ ಅವಧಿ ತುಸು ಕಿರಿದಾಗಬಹುದು ಎಂದು ಹೇಳಿತು.

ಈ ಎರಡರ ನಡುವಿನ ಗೆರೆ ಎಲ್ಲಿದೆ ಎನ್ನುವುದು ನನಗೆ ಅರ್ಥವಾದದ್ದು ಒಂದು ರಾತ್ರಿಯಲ್ಲಿ. ಬೇಲೂರು ಕಡೆಯ ಹೆಣ್ಣುಮಗಳು, ಚೊಚ್ಚಲ ಹೆರಿಗೆ. ಕೋಣೆಯಲ್ಲಿ ದೀಪ ತಗ್ಗಿಸಿದ್ದರು. ಅವಳು ಹಾಸಿಗೆಯ ಅಂಚಿಗೆ ಎರಡೂ ಕೈಯೂರಿ ಬಗ್ಗಿ ನಿಂತಿದ್ದಳು. ನಾನು ಅಂಗೈಯ ಬುಡದಿಂದ ಅವಳ ಸೊಂಟದ ಕೆಳಗಿನ ಚಪ್ಪಟೆ ಮೂಳೆಯನ್ನು ಒತ್ತಿ ಹಿಡಿದಿದ್ದೆ. ಬೇನೆ ಬಂದಾಗ ಒತ್ತುವುದು, ಇಳಿದಾಗ ಸಡಿಲಿಸುವುದು. ಹದಿನೈದು ನಿಮಿಷಕ್ಕೊಮ್ಮೆ, ಬೇನೆ ಇಳಿದ ಕೂಡಲೇ, ಮಿಡ್‌ವೈಫ್ ಮಂಡಿಯೂರಿ ಕುಳಿತು ಹೊಟ್ಟೆಯ ಮೇಲೆ ಉಪಕರಣವಿಟ್ಟು, ಎದೆಗೆ ಸಿಕ್ಕಿಸಿಕೊಂಡ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಮಗುವಿನ ಎದೆಬಡಿತ ಎಣಿಸುತ್ತಿದ್ದರು. ಒಮ್ಮೆ ಅವಳು ಕತ್ತು ತಿರುಗಿಸಿ, "ಅಕ್ಕಾ, ಮಗು ಎಷ್ಟು ಕೆಳಗೆ ಬಂದಿದೆ, ನೀವೇ ನೋಡಿ ಹೇಳಿ" ಎಂದಳು. ಅಷ್ಟು ಹೆರಿಗೆಗಳನ್ನು ಕಂಡಿದ್ದ ನನಗೆ ಅಂದಾಜಿತ್ತು. ಆದರೂ "ಅದನ್ನು ನೋಡಿ ಹೇಳಬೇಕಾದವರು ಅವರು. ನಾನು ನಿನ್ನ ಬೆನ್ನ ಹಿಂದೆ ಇದ್ದೇನೆ" ಎಂದೆ. ಮಿಡ್‌ವೈಫ್ ತಲೆಯೆತ್ತಿ ನನ್ನನ್ನು ನೋಡಿ ಸಣ್ಣಗೆ ತಲೆಯಾಡಿಸಿದರು. ಮಾತು ಅವರಿಗೆ ತಿಳಿದಿರಲಿಲ್ಲ, ನಾನು ಕೈ ಕದಲಿಸದೆ ಇದ್ದದ್ದು ತಿಳಿದಿತ್ತು. ಆ ಎದೆಬಡಿತವನ್ನು ಎಣಿಸುವವಳು ನಾನೂ ಆಗಬೇಕು ಎಂದು ಅನಿಸಿದ್ದು ಅಂದೇ.

ಡೂಲಾ ಆಗಿ ಶುರುಮಾಡುವುದು ಸುಲಭ. ಕೆಲವೇ ದಿನಗಳ ತರಬೇತಿ ಕೋರ್ಸ್‌ಗಳಿವೆ. ಆಮೇಲೆ ಅನುಭವಿ ಡೂಲಾ ಒಬ್ಬರ ಮಾರ್ಗದರ್ಶನದಲ್ಲಿ ಕೆಲಸ ಕಲಿಯಬಹುದು. ಡೂಲಾ ಯುಕೆ ಎಂಬ ಸಂಘ ಇದಕ್ಕೊಂದು ಕ್ರಮ ಇಟ್ಟುಕೊಂಡಿದೆ. ಸದಸ್ಯತ್ವ ಕಡ್ಡಾಯವಲ್ಲ, ಆದರೂ ನಾನು ಸೇರಿ ಎನ್ನುತ್ತೇನೆ. ವಿಮೆ ಮಾಡಿಸದೆ ಯಾರ ಮನೆಗೂ ಹೋಗಬೇಡಿ. ಬಹುಪಾಲು ಡೂಲಾಗಳದು ಸ್ವಂತ ಉದ್ಯೋಗ. ತೆರಿಗೆ ವರ್ಷವೊಂದರಲ್ಲಿ ಸಂಪಾದನೆ 1,000 ಪೌಂಡ್ ದಾಟಿದರೆ ತೆರಿಗೆ ಇಲಾಖೆಯಲ್ಲಿ ಸ್ವಂತ ಉದ್ಯೋಗಿ ಎಂದು ನೋಂದಾಯಿಸಿಕೊಳ್ಳಬೇಕು. ಅಲ್ಲಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರುವಾಗುತ್ತದೆ.

ಎಲ್ಲರೂ ಕೇಳುವ ಮಾತು: ಡೂಲಾ ಆಗಿ ಕಂಡ ಹೆರಿಗೆಗಳು ಮಿಡ್‌ವೈಫ್ ಓದಿನಲ್ಲಿ ಲೆಕ್ಕಕ್ಕೆ ಬರುತ್ತವೆಯೇ? ಇಲ್ಲ, ಒಂದೂ ಬರುವುದಿಲ್ಲ. ನಾನು ಡೂಲಾ ಆಗಿ 31 ಹೆರಿಗೆಗಳಲ್ಲಿ ಇದ್ದೆ. ವಿದ್ಯಾರ್ಥಿಯಾದ ಮೊದಲ ದಿನ, ಹೆರಿಗೆಗಳ ಲೆಕ್ಕ ಬರೆದಿಡುವ ನನ್ನ ಪುಸ್ತಕದಲ್ಲಿದ್ದದ್ದು ಸೊನ್ನೆ. ಮೂರು ವರ್ಷದ ಪದವಿ, ಹೆಚ್ಚು ಕಡಿಮೆ ಅರ್ಧ ತರಗತಿಯಲ್ಲಿ, ಅರ್ಧ ಆಸ್ಪತ್ರೆಯಲ್ಲಿ ಮತ್ತು ಮನೆಭೇಟಿಗಳಲ್ಲಿ. ಆ ಅವಧಿಯಲ್ಲಿ ಮೇಲ್ವಿಚಾರಣೆಯ ಕೆಳಗೆ 40 ಹೆರಿಗೆಗಳನ್ನು ನಾವೇ ನಮ್ಮ ಕೈಯಾರೆ ಮಾಡಿಸಬೇಕು. ಈಗ ನನ್ನ ಪುಸ್ತಕದಲ್ಲಿ ಹದಿನೇಳು ಇವೆ. ಡೂಲಾ ಅನುಭವ ನಿಜವಾಗಿ ಕೆಲಸಕ್ಕೆ ಬರುವುದು ಪ್ರವೇಶದ ಹೊತ್ತಿಗೆ. ಈ ಕೋರ್ಸ್‌ಗೆ ಪೈಪೋಟಿ ಬಹಳ. ಅರ್ಜಿಯನ್ನು ಯುಕಾಸ್ ಎಂಬ ಪ್ರವೇಶ ಸಂಸ್ಥೆಯ ಮೂಲಕ ಜನವರಿಯ ಗಡುವಿನೊಳಗೆ ಹಾಕಬೇಕು. ಸಂದರ್ಶನದಲ್ಲಿ ಅವರು ಹುಡುಕುವುದು ಬೇನೆಯಲ್ಲಿರುವ ಹೆಂಗಸಿನ ಪಕ್ಕ ಕುಳಿತು ಗೊತ್ತಿರುವವರನ್ನು. "ಮಕ್ಕಳೆಂದರೆ ನನಗೆ ಪ್ರೀತಿ" ಎಂದಷ್ಟೇ ಹೇಳುವವರು ನೂರು ಜನ ಸಿಗುತ್ತಾರೆ. ನೀವು ಕಂಡ ಒಂದು ರಾತ್ರಿಯ ಬಗ್ಗೆ ಹೇಳಿ.

ಇನ್ನು ವೀಸಾ. ಅರಸೀಕೆರೆಯ ಸೊಸೆಯದು ಒಳ್ಳೆಯ ಸ್ಥಿತಿ, ತಾಳ್ಮೆ ಮಾತ್ರ ಬೇಕು. ಗಂಡನದು ಸ್ಕಿಲ್ಡ್ ವರ್ಕರ್ ವೀಸಾ ಆಗಿರುವುದರಿಂದ ಅವಳು ಬಹುತೇಕ ಯಾವ ಕೆಲಸವನ್ನಾದರೂ ಮಾಡಬಹುದು, ಸ್ವಂತ ಉದ್ಯೋಗವನ್ನೂ ಮಾಡಬಹುದು. ಹಾಗಾಗಿ ಅಲ್ಲಿಗೆ ಹೋದ ಮೊದಲ ವರ್ಷವೇ ಡೂಲಾ ತರಬೇತಿ ಮುಗಿಸಿ ಕೆಲಸ ಹಿಡಿಯಬಹುದು. ಆದರೆ ಆ ವರ್ಷವೇ ಪದವಿಗೆ ಸೇರಿದರೆ ವಿದೇಶಿ ವಿದ್ಯಾರ್ಥಿಯ ಶುಲ್ಕ ಬೀಳುತ್ತದೆ, ಅದು ಮನೆ ಮಾರುವಂತಹ ಮೊತ್ತ. ಸ್ಥಳೀಯರ ಶುಲ್ಕ 2025–26ರಲ್ಲಿ ವರ್ಷಕ್ಕೆ 9,535 ಪೌಂಡ್. ಅದು ಸಿಗಬೇಕಾದರೆ ಸಾಮಾನ್ಯವಾಗಿ ಮೂರು ವರ್ಷ ಅಲ್ಲಿ ವಾಸವಾಗಿರಬೇಕು, ಜೊತೆಗೆ ಶಾಶ್ವತ ವಾಸದ ಅನುಮತಿಯೂ ಬಂದಿರಬೇಕು. ಆಗ ಸರ್ಕಾರದ ವಿದ್ಯಾರ್ಥಿ ಸಾಲವೂ ಸಿಗುತ್ತದೆ, ಇಂಗ್ಲೆಂಡಿನಲ್ಲಿ ಮಿಡ್‌ವೈಫ್ ವಿದ್ಯಾರ್ಥಿಗಳಿಗೆ ವರ್ಷಕ್ಕೆ 5,000 ಪೌಂಡ್‌ನ ಅನುದಾನವೂ ಸಿಗುತ್ತದೆ. ಅನುದಾನವನ್ನು ಹಿಂದಿರುಗಿಸಬೇಕಾಗಿಲ್ಲ. ಮಕ್ಕಳಿರುವವರಿಗೆ ಇನ್ನೂ 2,000 ಇದೆ. ನಾನು ಹೋದದ್ದು ಈ ದಾರಿಯಲ್ಲೇ. ಅಷ್ಟು ವರ್ಷ ಕಾಯುವುದು ಕಷ್ಟವೆನಿಸಿತ್ತು, ಆದರೆ ಡೂಲಾ ಕೆಲಸ ಕಲಿತದ್ದು ಆ ವರ್ಷಗಳಲ್ಲೇ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ದಾರಿ ಅಪ್ರೆಂಟಿಸ್‌ಶಿಪ್. ಆಸ್ಪತ್ರೆಯೇ ಸಂಬಳ ಕೊಟ್ಟು ಓದಿಸುತ್ತದೆ, ಶುಲ್ಕ ನಾವು ಕಟ್ಟುವುದಿಲ್ಲ, ಕೊನೆಗೆ ಸಿಗುವುದು ಅದೇ ಪದವಿ. ಇಂಗ್ಲೆಂಡಿನಲ್ಲಿ ಇದಕ್ಕೆ ಶಾಶ್ವತ ವಾಸದ ಅನುಮತಿ ಬೇಕೆಂದಿಲ್ಲ. ಓದುವುದಕ್ಕಲ್ಲದೆ ಬೇರೆ ಕಾರಣಕ್ಕೆ ಬಂದು, ಕೆಲಸದ ಹಕ್ಕು ಇಟ್ಟುಕೊಂಡು, ಮೂರು ವರ್ಷ ಅಲ್ಲಿ ನೆಲೆಸಿದ್ದರೆ ಅರ್ಹರಾಗಬಹುದು. ಹುದ್ದೆಗಳು ಕಡಿಮೆ. ಸಾಮಾನ್ಯವಾಗಿ ಅದೇ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗದ ಸಹಾಯಕಿಯಾಗಿ ದುಡಿಯುತ್ತಿರುವವರಿಗೆ ಸಿಗುತ್ತವೆ. ಆದ್ದರಿಂದ ಅರಸೀಕೆರೆಯವಳಿಗೆ ನಾನು ಹೇಳಿದ್ದು ಇಷ್ಟು: ವಾರದಲ್ಲಿ ಕೆಲವು ದಿನ ಆ ಸಹಾಯಕಿ ಕೆಲಸ ಹಿಡಿ, ಉಳಿದ ದಿನ ಡೂಲಾ ಆಗಿರು.

ಪಿಯುಸಿ ಮುಗಿಸಿ ಬಹಳ ವರ್ಷವಾಗಿದ್ದರೆ ಆಕ್ಸೆಸ್ ಡಿಪ್ಲೊಮಾ ಎಂಬ ಒಂದು ವರ್ಷದ ಕೋರ್ಸ್ ಇದೆ. ಪದವಿಗೆ ಮರಳಿ ಬರುವ ದೊಡ್ಡವರಿಗೆಂದೇ ಮಾಡಿದ್ದು. ಅದಕ್ಕೆ ಸರ್ಕಾರಿ ಸಾಲ ಪಡೆದಿದ್ದವರು ಮುಂದೆ ಪದವಿ ಮುಗಿಸಿದರೆ ಆ ಸಾಲದ ಬಾಕಿ ಮನ್ನಾ ಆಗುತ್ತದೆ.

ಹೊಳೆನರಸೀಪುರದ ನರ್ಸ್‌ಗೆ ಒಂದು ನಿರಾಸೆ ಕಾದಿತ್ತು. ನಮ್ಮಲ್ಲಿ ರಾಜ್ಯ ನರ್ಸಿಂಗ್ ಪರಿಷತ್ತು ಕೊಡುವ ನೋಂದಣಿಯಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಎರಡೂ ಜೊತೆಯಾಗಿ ಇರುತ್ತವೆ. ಅಲ್ಲಿ ಎರಡಕ್ಕೂ ಬೇರೆ ಬೇರೆ ಪಟ್ಟಿ. ನಮ್ಮ ನರ್ಸ್‌ಗಳು ಸಾಮಾನ್ಯವಾಗಿ ಸೇರುವುದು ನರ್ಸ್‌ಗಳ ಪಟ್ಟಿಗೆ. ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್‌ನಲ್ಲಿ ಬರೆಯುವ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಕೈಕೆಲಸದ ಪರೀಕ್ಷೆ, ಇವಿಷ್ಟು ದಾಟಬೇಕು. ನರ್ಸ್ ಆಗಿ ನೋಂದಣಿಯಾದ ಮೇಲೆ ನರ್ಸ್‌ಗಳಿಗೆಂದೇ ಇರುವ, ಮೂರು ವರ್ಷಕ್ಕಿಂತ ಚಿಕ್ಕದಾದ ಮಿಡ್‌ವೈಫ್ ಕೋರ್ಸ್‌ಗೆ ಸೇರಬಹುದು. ಅವಳಿಗೆ ಡೂಲಾ ಕೆಲಸದ ಸುತ್ತು ಬೇಕಿಲ್ಲ, ನೇರವಾಗಿ ಈ ದಾರಿಯಲ್ಲೇ ಹೋಗಲಿ.

ಆಲೂರಿನ ಹುಡುಗಿಯ ಜೊತೆ ಬಂದಿದ್ದ ಅವಳ ಚಿಕ್ಕಮ್ಮನಿಗೆ ನಾನು ಖಡಾಖಂಡಿತವಾಗಿ ಹೇಳಿದೆ. ವಿದ್ಯಾರ್ಥಿ ವೀಸಾದಲ್ಲಿ ಹೋದರೆ ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ಸ್ವಂತ ಉದ್ಯೋಗವಂತೂ ಪೂರ್ತಿ ನಿಷಿದ್ಧ. ಅಂದರೆ ಸ್ವಂತವಾಗಿ ಹಣ ಪಡೆದು ಡೂಲಾ ಕೆಲಸ ಮಾಡುವಂತಿಲ್ಲ. "ಓದುತ್ತ ಡೂಲಾ ಆಗಿ ಖರ್ಚು ಕಳೆಯಬಹುದು" ಎಂದು ಯಾವ ಏಜೆಂಟ್ ಹೇಳಿದರೂ ನಂಬಬೇಡಿ. ಸಿಕ್ಕಿಬಿದ್ದರೆ ವೀಸಾ ಹೋಗುತ್ತದೆ, ಓದೂ ಹೋಗುತ್ತದೆ. ಅನುದಾನವೂ ಇಲ್ಲ. ಸಾಲ ಮಾಡಿ ಕಳಿಸುವ ಮೊದಲು ಮನೆಯವರು ಕುಳಿತು ಲೆಕ್ಕ ಹಾಕಲಿ. ನಮ್ಮ ರಾಜ್ಯದಲ್ಲೇ ಬಿ.ಎಸ್‌ಸಿ. ನರ್ಸಿಂಗ್ ಓದಿ ಆಮೇಲೆ ಹೋಗುವುದು ಅವಳಿಗೆ ಹೆಚ್ಚು ಭದ್ರ.

ಎರಡನ್ನೂ ಒಟ್ಟಿಗೆ ಮಾಡುವ ದಿನಚರಿ ಹೇಗಿರುತ್ತದೆ? ಹೆರಿಗೆಯ ಡೂಲಾ ಸುಮಾರು 38ನೇ ವಾರದಿಂದ 42ನೇ ವಾರದವರೆಗೆ ಫೋನ್ ತಲೆದಿಂಬಿನ ಬಳಿ ಇಟ್ಟುಕೊಂಡೇ ಮಲಗಬೇಕು. ವಿದ್ಯಾರ್ಥಿಗೆ ಆಸ್ಪತ್ರೆಯಲ್ಲಿ ಹನ್ನೆರಡು ಗಂಟೆಯ ಪಾಳಿ, ರಾತ್ರಿಪಾಳಿ, ಭಾನುವಾರವೂ ಉಂಟು. ಎರಡೂ ಒಂದೇ ವಾರದಲ್ಲಿ ಕೂಡಿಬರುವುದಿಲ್ಲ. ಮೊದಲ ವರ್ಷ ನಾನು ಪ್ರಯತ್ನಿಸಿದೆ. ಪಾಳಿಯಲ್ಲಿದ್ದಾಗ ನನ್ನನ್ನೇ ನಂಬಿದ್ದ ಒಬ್ಬಳಿಗೆ ಬೇನೆ ಬಂತು, ಬೇರೆ ಡೂಲಾಳನ್ನು ಕಳಿಸಬೇಕಾಯಿತು. ಮರುದಿನ ಅವಳು ಫೋನಿನಲ್ಲಿ ಅತ್ತದ್ದು ಈಗಲೂ ಕಿವಿಯಲ್ಲಿದೆ. ಅಂದಿನಿಂದ ಹೆರಿಗೆಯ ಕೆಲಸ ಬಿಟ್ಟು ಬಾಣಂತನದ ಡೂಲಾ ಆಗಿದ್ದೇನೆ. ಇದಕ್ಕೆ ದಿನ, ಗಂಟೆ ಮೊದಲೇ ಗೊತ್ತುಮಾಡಿಕೊಳ್ಳಬಹುದು. ಊರಿನಿಂದ ತಾಯಿಗೆ ವೀಸಾ ಸಿಗದ ಕನ್ನಡದ ಮನೆಗಳಿಗೆ ಇಂತಹವರು ಬೇಕೇ ಬೇಕು. ಮೆಣಸು ಜೀರಿಗೆಯ ಸಾರು, ಬೆಳ್ಳುಳ್ಳಿ ಹುರಿದು ಹಾಕಿದ ಅನ್ನ, ಮಗುವಿಗೆ ಹಾಲು ಕುಡಿಸಲು ಸರಿಯಾಗಿ ಹಿಡಿದುಕೊಳ್ಳುವ ಬಗೆ, ತಾಯಿಗೆ ಎರಡು ಗಂಟೆಯ ನಿದ್ದೆ. ಇವು ನಮ್ಮ ಹಾಸನದ ಮನೆಗಳಲ್ಲಿ ಕೇಳದೆಯೇ ಸಿಗುತ್ತವೆ. ಅಲ್ಲಿ ನಾಲ್ಕು ಗೋಡೆಯ ನಡುವೆ ಒಬ್ಬಳೇ ಕುಳಿತವಳಿಗೆ ಯಾರಾದರೂ ತಂದುಕೊಡಬೇಕು.

ಒಂದೆರಡು ಎಚ್ಚರಿಕೆ. ವಿದ್ಯಾರ್ಥಿಯಾಗಿರುವ ಆಸ್ಪತ್ರೆಯಲ್ಲೇ ಡೂಲಾ ಆಗಿ ಹೋಗಬೇಡಿ, ಮತ್ತು ಡೂಲಾ ಕೆಲಸದ ವಿಷಯವನ್ನು ವಿಶ್ವವಿದ್ಯಾಲಯಕ್ಕೆ ಮೊದಲೇ ತಿಳಿಸಿ. ಮಿಡ್‌ವೈಫ್ ಬೇಡ, ಮನೆಯಲ್ಲೇ ನೀವೊಬ್ಬರೇ ಮಾಡಿಸಿ ಎಂದು ಯಾರು ಎಷ್ಟೇ ಕೇಳಿಕೊಂಡರೂ ಒಪ್ಪಬೇಡಿ. ಮನೆಯಲ್ಲಿ ಹೆರಿಗೆಯಾಗಬೇಕು ಎನ್ನುವವರ ಮನೆಗೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಮಿಡ್‌ವೈಫ್‌ರನ್ನೇ ಕಳಿಸುವ ವ್ಯವಸ್ಥೆ ಅಲ್ಲಿದೆ. ಇನ್ನೊಂದು, ಕನ್ನಡ ಬಲ್ಲವಳೆಂದು ನಿಮ್ಮನ್ನು ದುಭಾಷಿಯಾಗಿ ನಿಲ್ಲಿಸಲು ಬಿಡಬೇಡಿ. ಒಮ್ಮೆ ಆಪರೇಷನ್ನಿನ ಒಪ್ಪಿಗೆ ಪತ್ರದ ಹೊತ್ತಿಗೆ ನಾನು ಅವಸರದಲ್ಲಿ ಅನುವಾದಿಸಿದೆ. ರಕ್ತ ಕೊಡಬೇಕಾಗಬಹುದು ಎಂಬ ಮಾತನ್ನು ಅವಳು ರಕ್ತ ತೆಗೆಯುತ್ತಾರೆ ಎಂದು ತಿಳಿದು ಗಾಬರಿಯಾದಳು. ಎನ್‌ಎಚ್‌ಎಸ್‌ನಲ್ಲಿ ದುಭಾಷಿಯ ಸೇವೆ ಉಚಿತ, ಫೋನಿನಲ್ಲೂ ಸಿಗುತ್ತದೆ. ಕೇಳಿ ಪಡೆಯಿರಿ.

ಊರು ಬಿಡುವ ಮೊದಲು ಕಾಗದಪತ್ರ ಸರಿಮಾಡಿಕೊಳ್ಳಿ. ಚಿಕ್ಕಂದಿನಿಂದ ಹಾಕಿಸಿದ ಲಸಿಕೆಗಳ ದಾಖಲೆ ಬೇಕು, ಆಸ್ಪತ್ರೆಯೊಳಗೆ ಕಾಲಿಡುವ ಮೊದಲೇ ಕೇಳುತ್ತಾರೆ. ಅದಕ್ಕಿಂತ ಹೆಚ್ಚು ಕಾಡುವುದು ನಮ್ಮ ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರಗಳು ಬಿಡಿಸಿಕೊಂಡು ಊರಿನ ಹೆಸರು ಮತ್ತು ತಂದೆಯ ಹೆಸರು, ಮದುವೆಯ ಪ್ರಮಾಣಪತ್ರದಲ್ಲಿ ಗಂಡನ ಹೆಸರು. ಅಲ್ಲಿನ ಕಚೇರಿಗೆ ಇವರು ಮೂವರು ಬೇರೆ ಬೇರೆ ಹೆಂಗಸರು. ನನ್ನ ಆಕ್ಸೆಸ್ ಕೋರ್ಸಿನ ಅರ್ಜಿ ಇದೊಂದೇ ಕಾರಣಕ್ಕೆ ಆರು ವಾರ ನಿಂತಿತ್ತು.

ನಿನ್ನೆ ಸಂಜೆ ಅರಸೀಕೆರೆಯವಳು ಪ್ಲಾಸ್ಟಿಕ್ ಕವರಿನ ತುಂಬ ಕಾಗದ ತಂದು ನಮ್ಮ ಪಡಸಾಲೆಯ ನೆಲದ ಮೇಲೆ ಹರಡಿದಳು. ಮೂರು ಕಾಗದದಲ್ಲಿ ಮೂರು ಹೆಸರು. ಒಳಗೆ ತಂಗಿಯ ಮಗು ಅಳುತ್ತಿತ್ತು. "ಅಕ್ಕಾ, ನೀವು ಹೋಗಿ ನೋಡಿ, ನಾನು ಇವನ್ನು ಬರೆದಿಟ್ಟುಕೊಳ್ಳುತ್ತೇನೆ" ಎಂದು ಪೆನ್ನು ತೆಗೆದಳು. ನಾಳೆ ನೋಟರಿ ಬಳಿ ಅಫಿಡವಿಟ್ ಮಾಡಿಸಲು ಇಬ್ಬರೂ ಹೋಗುತ್ತಿದ್ದೇವೆ.