ಎಣ್ಣೆ ಒಡೆಯಬೇಕಾ? ಬೆಂಕಿ ಎಲ್ಲಿಗೆ ಹಿಡಿಯಬೇಕು ನೋಡಿ

ಎಣ್ಣೆಯ ಉದ್ದ ಅಣುಗಳನ್ನು ಕಾಯಿಸಿ ಚಿಕ್ಕದಾಗಿ ಒಡೆಯುವುದಕ್ಕೆ ಕ್ರ್ಯಾಕಿಂಗ್ ಅಂತಾರೆ. ಕಾಲೇಜು ಲ್ಯಾಬಿನಲ್ಲಿ ಈ ಪ್ರಯೋಗದ್ದು ಪ್ರತಿ ವರ್ಷ ಇದೇ ಕಥೆ. ಪ್ಯಾರಾಫಿನ್ ಎಣ್ಣೆ ಕಾಯಿಸಿದ್ದಾಯಿತು, ಅನಿಲ ಹಿಡಿದದ್ದೂ ಆಯಿತು. ಎಣ್ಣೆ ಒಡೆದಿದ್ದರೆ ಕಳೆಯಬೇಕಾದ ಬ್ರೋಮಿನ್ ನೀರಿನ ಕಿತ್ತಳೆ ಬಣ್ಣ ಮಾತ್ರ ಹಾಗೇ ಇದೆ. 'ಮೇಡಂ, ಕೆಮಿಕಲ್ ಹಳೇದು' ಅಂತಾರೆ ಮಕ್ಕಳು. ಕೆಮಿಕಲ್ ಸರಿಯಾಗೇ ಇರುತ್ತದೆ. ಬೆಂಕಿ ಹಿಡಿದ ಜಾಗ ತಪ್ಪು.

ಮೊದಲು ಒಂದು ಮಾತು. ಕಚ್ಚಾತೈಲ ಅಂದರೆ ಹೆಚ್ಚಾಗಿ ಇಂಗಾಲ, ಜಲಜನಕದ ಸರಪಳಿಗಳ ಮಿಶ್ರಣ. ಅಡುಗೆ ಗ್ಯಾಸಿನಲ್ಲಿ 3–4 ಇಂಗಾಲ, ಡೀಸೆಲ್‌ನಲ್ಲಿ ಹತ್ತಕ್ಕೂ ಜಾಸ್ತಿ, ಡಾಂಬರಿನಲ್ಲಿ ಇನ್ನೂ ಉದ್ದ. ರಿಫೈನರಿಯ ಗೋಪುರ ಇವನ್ನು ಕುದಿಯುವ ಬಿಂದು ನೋಡಿ ಬೇರೆ ಮಾಡುತ್ತದೆ. ಅದು ಅಕ್ಕಿಯನ್ನು ಜರಡಿ ಹಿಡಿದ ಹಾಗೆ, ಇರುವಷ್ಟೇ ನುಚ್ಚು ಸಿಗುತ್ತದೆ. ಜಾಸ್ತಿ ನುಚ್ಚು ಬೇಕೆಂದರೆ ಬೀಸಲೇಬೇಕು. ಆ ಬೀಸುವ ಕೆಲಸವೇ ಕ್ರ್ಯಾಕಿಂಗ್.

10 ಇಂಗಾಲ, 22 ಜಲಜನಕದ ಡೆಕೇನ್ ತಗೊಳ್ಳಿ. ಅದು ಒಡೆದು 8 ಇಂಗಾಲ, 18 ಜಲಜನಕದ ಆಕ್ಟೇನ್ ಆಯಿತು ಅನ್ನಿ. ಉಳಿದದ್ದು 2 ಇಂಗಾಲ, 4 ಜಲಜನಕ. ಎರಡನೇ ತುಂಡಿಗೆ ಜಲಜನಕ ಸಾಲಲಿಲ್ಲ, ಅಲ್ವಾ? ಅದಕ್ಕೇ ಅದರ ಇಂಗಾಲಗಳು ಜೋಡಿ ಬಂಧ ಹಾಕಿಕೊಳ್ಳುತ್ತವೆ. ಅದೇ ಈಥೀನ್, ಪಾಲಿಥೀನ್ ಕವರಿನ ಮೂಲ. ಬ್ರೋಮಿನ್ ಬಣ್ಣ ಕಳೆಯುವುದು ಈ ಜೋಡಿ ಬಂಧವೇ.

ಈಗ ಕೆಲಸ. ರಕ್ಷಣಾ ಕನ್ನಡಕ ಹಾಕಿ, ಮೇಷ್ಟ್ರು ಎದುರಿಗಿರಲಿ, ಅಡುಗೆಮನೆಯಲ್ಲಂತೂ ಬೇಡ. ಬೋರೋಸಿಲಿಕೇಟ್ ಪ್ರನಾಳವನ್ನೇ ತನ್ನಿ. ಅಗ್ಗದ ಗಾಜು ಈ ಕಾವಿಗೆ ಮೆತ್ತಗಾಗಿ ಜೋಲುತ್ತದೆ. ತಳಕ್ಕೆ ರಾಕ್‌ವೂಲ್ (ಬೆಂಕಿಗೆ ಸುಡದ ಕಲ್ಲಿನ ನಾರು) ತುರುಕಿ, ಅದು ನೆನೆಯುವಷ್ಟು ಲಿಕ್ವಿಡ್ ಪ್ಯಾರಾಫಿನ್ ಹಾಕಿ. ರಾಕ್‌ವೂಲ್ ಸಿಗಲಿಲ್ಲ ಅಂತ ಹತ್ತಿ ಇಡುವವರಿದ್ದಾರೆ. ಹತ್ತಿ ಸುಟ್ಟು ಕರಕಲಾಗುತ್ತದೆ. ಪ್ರನಾಳವನ್ನು ಅಡ್ಡ ಮಲಗಿಸಿ, ನಡುವೆ ಮೆರುಗು ಹಚ್ಚದ ಪಿಂಗಾಣಿ ಚೂರುಗಳನ್ನು ಇಡಿ. ಬಾಯಿಗೆ ಬಿರಡೆ, ಅದರಿಂದ ನೀರಿನ ತೊಟ್ಟಿಗೆ ನಳಿಕೆ, ಅಲ್ಲಿ ಅನಿಲ ಹಿಡಿಯಲು ನೀರು ತುಂಬಿ ಬೋರಲು ಹಾಕಿದ ಪ್ರನಾಳಗಳು.

ಎಡವುವುದು ಇಲ್ಲಿಂದ. ಎಲ್ಲರೂ ಎಣ್ಣೆ ಇರುವ ತಳಕ್ಕೇ ಬೆಂಕಿ ಹಿಡಿಯುತ್ತಾರೆ. ಆಗ ಎಣ್ಣೆ ಆವಿಯಾಗಿ, ತಣ್ಣನೆಯ ಚೂರುಗಳನ್ನು ದಾಟಿ, ಒಡೆಯದೆ ಬಂದು ತೊಟ್ಟಿಯ ನೀರಿನ ಮೇಲೆ ಜಿಡ್ಡಾಗಿ ತೇಲುತ್ತದೆ. ನೀವು ಮಾಡಿದ್ದು ಸುಮ್ನೆ ಬಟ್ಟಿ ಇಳಿಸುವ ಕೆಲಸ, ಅಂದರೆ ಜರಡಿ. ಚೂರುಗಳನ್ನು ಮೊದಲು ಕಾಯಿಸಿ. ಅಲ್ಲಿನ ಗಾಜು ಚೆನ್ನಾಗಿ ಕಾದ ಮೇಲೆ ದೀಪವನ್ನು ಒಂದೆರಡು ಕ್ಷಣ ತಳಕ್ಕೆ ತೋರಿಸಿ, ತಕ್ಷಣ ಚೂರಿಗೆ ವಾಪಸ್ ತನ್ನಿ. ಗುಳ್ಳೆ ನಿಧಾನವಾದರೆ ಮತ್ತೆ ತೋರಿಸಿ. ಗುಳ್ಳೆ ಬುಳುಬುಳು ನುಗ್ಗಿದರೆ ನಿಮಗೆ ಅವಸರ ಜಾಸ್ತಿ ಎಂದರ್ಥ. ಮೊದಲ ಒಂದೆರಡು ಪ್ರನಾಳದ ಅನಿಲ ಚೆಲ್ಲಿಬಿಡಿ, ಅದರಲ್ಲಿ ಗಾಳಿಯೇ ಹೆಚ್ಚು.

ಇನ್ನೊಂದು ಗಂಡಾಂತರ ನಿಲ್ಲಿಸುವಾಗ. ದೀಪ ತೆಗೆದ ಕೂಡಲೇ ಒಳಗಿನ ಅನಿಲ ಕುಗ್ಗುತ್ತದೆ, ನೀರು ನಳಿಕೆ ಹತ್ತುತ್ತದೆ, ಕಾದ ಗಾಜಿಗೆ ತಾಗಿ ಠಪ್! ನನ್ನ ಮೊದಲ ವರ್ಷ ಹೀಗೇ ಎರಡು ಪ್ರನಾಳ ಹೋದವು. ಸ್ಟ್ಯಾಂಡ್ ಸಮೇತ ಎತ್ತಿ ನಳಿಕೆಯನ್ನು ನೀರಿನಿಂದ ಹೊರಗೆ ತೆಗೆಯಿರಿ, ದೀಪ ಆಮೇಲೆ. ಪ್ರಯೋಗದ ನಡುವೆ ನೀರು ಏರುವುದು ಕಂಡರೂ ಅಷ್ಟೆ. ನಳಿಕೆಯ ತುದಿಗೆ ಸೀಳಿದ ರಬ್ಬರಿನ ಕವಾಟ ಹಾಕುವುದುಂಟು. ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಹಿಡಿದ ಅನಿಲದ ಪರೀಕ್ಷೆಗೆ ನಾನು ತೆಳುವಾದ ಪೊಟ್ಯಾಶಿಯಂ ಪರ್ಮ್ಯಾಂಗನೇಟ್ ದ್ರಾವಣವನ್ನೇ ಬಳಸುತ್ತೇನೆ. ಬ್ರೋಮಿನ್ ಹೊಗೆ ಯಾರಿಗೆ ಬೇಕು? ನೇರಳೆ ಬಣ್ಣ ಕಳೆದು ಕಂದು ತಿರುಗಿದರೆ ಎಣ್ಣೆ ಒಡೆದಿದೆ. ಪಕ್ಕದಲ್ಲಿ ಕಾಯಿಸದ ಪ್ಯಾರಾಫಿನ್ ಹಾಕಿದ ಪ್ರನಾಳವನ್ನೂ ಇಡಿ, ಅದರಲ್ಲಿ ನೇರಳೆ ಹಾಗೇ ಉಳಿಯಬೇಕು.

ಕೊನೆಗೆ ಪಿಂಗಾಣಿ ಚೂರು ಕಪ್ಪಾಗಿರುತ್ತದೆ. ಅದು ಇಂಗಾಲದ ಮಸಿ. ಮಂಗಳೂರಿನ ಎಂಆರ್‌ಪಿಎಲ್‌ನಂಥ ರಿಫೈನರಿಗಳಲ್ಲಿ ಕ್ರ್ಯಾಕಿಂಗ್ ಘಟಕದ ವೇಗವರ್ಧಕಕ್ಕೂ (ಒಡೆಯುವ ಕೆಲಸಕ್ಕೆ ವೇಗ ಕೊಡುವ ಪುಡಿ) ಇದೇ ಮಸಿ ಹಿಡಿಯುತ್ತದೆ. ಅಲ್ಲಿ ಗಾಳಿ ಊದಿ ಅದನ್ನು ಸುಟ್ಟು, ಕಾದ ಪುಡಿಯನ್ನು ಮತ್ತೆ ಕೆಲಸಕ್ಕೆ ಹಚ್ಚುತ್ತಾರೆ. ನೀವು ಆ ಉಸಾಬರಿಗೆ ಹೋಗಬೇಡಿ. ಚೂರು ಎಸೆದು ಹೊಸದು ಹಾಕಿ.