ಗೋವಾ ಪುಟದ ದಿನಾಂಕದ ಜಗಳ ಬಿಡಿಸಿದ್ದು ಹೀಗೆ

ಕನ್ನಡ ವಿಕಿಪೀಡಿಯದ ಗೋವಾ ಪುಟದಲ್ಲಿ ‘ಸ್ಥಾಪನೆ’ ಎಂಬ ಸಾಲಿಗೆ ಗೋವಾದ ವಾಸ್ಕೋ ಊರಿನ ಸಂಪಾದಕರೊಬ್ಬರು 1961 ಡಿಸೆಂಬರ್ 19 ಎಂದು ಬರೆದರೆ, ಪುಣೆಯವರೊಬ್ಬರು ಅದನ್ನು ಅಳಿಸಿ 1987 ಮೇ 30 ಎನ್ನುತ್ತಿದ್ದರು. ಮೊದಲನೆಯದು ಪೋರ್ಚುಗೀಸ್ ಆಳ್ವಿಕೆ ಕೊನೆಗೊಂಡ ದಿನ, ಎರಡನೆಯದು ರಾಜ್ಯದ ಸ್ಥಾನಮಾನ ಸಿಕ್ಕ ದಿನ. ಇಬ್ಬರೂ ಸರಿ; ಎಡವಟ್ಟಾಗಿದ್ದು ಒಂದೇ ಸಾಲಿನಲ್ಲಿ ಎರಡು ಸಂಗತಿ ತುರುಕಲು ಹೋಗಿದ್ದರಿಂದ.

ನಾನು ಪುಟವನ್ನು ಮುಟ್ಟಲಿಲ್ಲ. ಮೂರನೆಯವರೂ ಇನ್ನೊಬ್ಬರ ಬದಲಾವಣೆ ರದ್ದುಮಾಡಲು ಇಳಿದರೆ ಜಗಳ ಬೆಳೆಯುತ್ತದೆ, ಅಷ್ಟೆ. ಲೇಖನದ ಜೊತೆಗೇ ಇರುವ ಚರ್ಚೆ ಪುಟದಲ್ಲಿ ‘ಸ್ಥಾಪನೆಯ ದಿನಾಂಕ’ ಎಂಬ ಶೀರ್ಷಿಕೆ ಹಾಕಿ, ಇಬ್ಬರ ಸದಸ್ಯ ಪುಟಗಳಿಗೂ ಕೊಂಡಿ ಕೊಟ್ಟು, ಕೊನೆಗೆ ನಾಲ್ಕು ಟಿಲ್ಡೆ (~~~~) ಒತ್ತಿ ಸಹಿ ಹಾಕಿದೆ. ಕೊಂಡಿ, ಸಹಿ ಎರಡನ್ನೂ ಒಂದೇ ಸಲಕ್ಕೆ ಬರೆದು ಉಳಿಸಬೇಕು; ಸಹಿಯನ್ನು ಆಮೇಲೆ ಸೇರಿಸಿದರೆ ಅವರಿಗೆ ಸೂಚನೆಯೇ ಹೋಗುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ‘ನೀವು ತಪ್ಪು’ ಎನ್ನದೆ ‘ಈ ದಿನಾಂಕಕ್ಕೆ ಆಧಾರ ಯಾವುದು?’ ಎಂದು ಇಬ್ಬರನ್ನೂ ಕೇಳಿದೆ.

ಉತ್ತರ ಬರದಿದ್ದರೆ ಅರಳಿಕಟ್ಟೆಗೆ, ಅಂದರೆ ವಿಕಿಪೀಡಿಯದ ಎಲ್ಲ ಸದಸ್ಯರೂ ಮಾತಾಡುವ ಪುಟಕ್ಕೆ, ಒಯ್ಯಬಹುದಿತ್ತು, ಬೇಕಾಗಲಿಲ್ಲ. ‘ವಿಮೋಚನೆ’, ‘ರಾಜ್ಯ ಸ್ಥಾನಮಾನ’ ಎಂದು ಎರಡು ಸಾಲು ಮಾಡಿ, ಒಂದೊಂದಕ್ಕೂ ಪ್ರತ್ಯೇಕ ಉಲ್ಲೇಖ ಕೊಟ್ಟು, ಬದಲಾವಣೆಗೆ ಕಾರಣ ತಿಳಿಸುವ ಸಂಪಾದನೆಯ ಸಾರಾಂಶದಲ್ಲಿ ‘ಚರ್ಚೆ ಪುಟದ ಒಪ್ಪಿಗೆಯಂತೆ’ ಎಂದು ಬರೆದೆವು. ಮುಂದೆ ಬರುವವರಿಗಾಗಿ ಮೂಲಪಠ್ಯದಲ್ಲಿ ಮಾತ್ರ ಕಾಣುವ ಟಿಪ್ಪಣಿಯೊಂದಿದೆ: ‘ಬದಲಿಸುವ ಮುನ್ನ ದಯವಿಟ್ಟು ಚರ್ಚೆ ಪುಟ ನೋಡಿ.’